ಅಮೆರಿಕಾದ ಗಡಿಯೂ ಮೆಕ್ಸಿಕೋದ ಕೂಲಿಕಾರರೂ

ಅಪ್ಪಣೆಯಿಲ್ಲದೆ ಪರರಾಜ್ಯವನ್ನು ಹೊಕ್ಕು ಅಲ್ಲಿ ದುಡಿದು ಬಾಳತಕ್ಕವರ ವಿಚಾರವಾಗಿ ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ನಡೆದುಬಂದಿರುವ ವಾದವಿವಾದಗಳು ವೃತ್ತಪತ್ರಿಕೆಗಳನ್ನು ಓದುವ ನಮ್ಮ ವಾಚಕರಿಗೆ ಅಪರಿಚಿತವಲ್ಲ. ಕಾಯಿದೆಯನ್ನು ಮೀರಿ ಬಂದವನನ್ನು ಹೊರಡಿಸುವುದು ರಾಜಧರ್ಮವೆಂದೂ, ಅಂಥವನು ಕಡಮೆ ಕೂಲಿಗೆ ಒಪ್ಪಿ ಸ್ಥಳದ ಬಡವನ ಅನ್ನವನ್ನು ಕಸಿಯುತ್ತಾನೆಂದೂ ಒಂದು ಪಕ್ಷದವರು ಹೇಳುತ್ತಾರೆ. ಅವನಿಲ್ಲದಿದ್ದರೆ ಹೊಲದ ಫಲವು ಹೊಲದಲ್ಲಿಯೇ ಕೊಳೆಯುವುದೆಂದೂ, ಹೊಟ್ಟೆಯ ಪಾಡಿಗಾಗಿ ಬಂದವನನ್ನು ಕಳ್ಳನಂತೆ ಕಾಣುವುದು ಸಲ್ಲದೆಂದೂ ಇನ್ನೊಂದು ಪಕ್ಷದವರು ಹೇಳುತ್ತಾರೆ. ಎರಡು ಮಾತುಗಳಲ್ಲಿಯೂ ಸತ್ಯಾಂಶವುಂಟು. ಆದರೆ ಈ ವಾದದ ಪೂರ್ವಚರಿತ್ರೆಯನ್ನು ಪರಿಶೀಲಿಸಿದರೆ, ಇಬ್ಬರೂ ಅಷ್ಟಾಗಿ ಹೆಸರೆತ್ತದ ಮೂರನೆಯವನೊಬ್ಬನು ಕಾಣಿಸಿಕೊಳ್ಳುತ್ತಾನೆ. ಆತನೇ ಕೆಲಸ ಕೊಟ್ಟ ಧಣಿ. ಆತನ ವಿಷಯದಲ್ಲಿ ಶಾಸನವು ಹೇಗೆ ನಡೆದುಕೊಂಡಿತೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

೧೮೪೮ರ ಗ್ವಾಡಲೂಪೆ ಹಿಡಾಲ್ಗೊ ಒಪ್ಪಂದದಿಂದ ಮೆಕ್ಸಿಕೋ ದೇಶವು ಕ್ಯಾಲಿಫೋರ್ನಿಯಾ ಮೊದಲಾದ ವಿಸ್ತಾರವಾದ ಸೀಮೆಗಳನ್ನು ಸಂಯುಕ್ತ ಸಂಸ್ಥಾನಗಳಿಗೆ ಬಿಟ್ಟುಕೊಟ್ಟಿತು. ಉಭಯ ದೇಶಗಳ ನಡುವಣ ಗಡಿಯ ಉದ್ದ ಸುಮಾರು ೨೦೦೦ ಮೈಲಿ. ಬಹುಕಾಲ ಅದನ್ನು ದಾಟುವುದು ಹಳ್ಳದಾಚೆಯ ಊರಿಗೆ ಹೋದಷ್ಟೇ ಸುಲಭವಾಗಿತ್ತು. ಬಾಗಿಲು ಮೊದಲು ಮುಚ್ಚಿದುದು ಚೀನೀಯರಿಗೆ. ಪಶ್ಚಿಮದ ಬೆಟ್ಟಗಳನ್ನು ಕೊರೆದು ೧೮೬೯ರಲ್ಲಿ ಪೂರ್ವ ಪಶ್ಚಿಮಗಳ ರೈಲುಮಾರ್ಗವನ್ನು ಕೂಡಿಸಿದವರಲ್ಲಿ ಸಾವಿರಾರು ಮಂದಿ ಚೀನೀಯರಿದ್ದರು. ೧೮೮೨ರಲ್ಲಿ ಚೀನೀ ಕೂಲಿಕಾರರ ಪ್ರವೇಶವೇ ನಿಷಿದ್ಧವಾಯಿತು. ೧೯೧೭ರ ಶಾಸನವು ನಮ್ಮ ಭರತಖಂಡವನ್ನೂ ನಿಷಿದ್ಧ ಪ್ರದೇಶಗಳಲ್ಲಿ ಸೇರಿಸಿತು. ೧೯೨೪ರಲ್ಲಿ ಐರೋಪ್ಯ ದೇಶಗಳಿಗೂ ಇಷ್ಟಿಷ್ಟೇ ಮಂದಿಯೆಂದು ಮಿತಿ ಏರ್ಪಟ್ಟಿತು. ಗಡಿಕಾವಲಿನ ಪಡೆಯೂ ಅದೇ ವರ್ಷ ಹುಟ್ಟಿತು. ಆದರೆ ಮೆಕ್ಸಿಕೋದವರಿಗೆ ಮಾತ್ರ ಆಗ ಸಂಖ್ಯೆಯ ಮಿತಿಯಿಲ್ಲ. ನೈರುತ್ಯ ಸೀಮೆಯ ಜಮೀನುದಾರರಿಗೆ ಅವರ ದುಡಿಮೆ ಬೇಕಾಗಿತ್ತು. ಶಾಸನಸಭೆಯಲ್ಲಿ ಅವರ ಮಾತು ನಡೆಯಿತು. ಅನಂತರ ಆರ್ಥಿಕ ಮುಗ್ಗಟ್ಟಿನ ಕಾಲ ಬಂದಿತು. ೧೯೩೦ರ ದಶಕದಲ್ಲಿ ಲಕ್ಷಾಂತರ ಮೆಕ್ಸಿಕೋದವರನ್ನು ಗಡಿಯಾಚೆಗೆ ಸಾಗಹಾಕಿದರು. ಅಮೆರಿಕಾದಲ್ಲಿಯೇ ಹುಟ್ಟಿ ಅಲ್ಲಿಯ ಪೌರರಾಗಿದ್ದ ಮಕ್ಕಳೂ ಅವರೊಡನೆ ಹೊರಟುಹೋಗಬೇಕಾಯಿತು. ಇದಕ್ಕಾಗಿ ಕ್ಯಾಲಿಫೋರ್ನಿಯಾ ಸಂಸ್ಥಾನವು ೨೦೦೫ರಲ್ಲಿ ಶಾಸನಮುಖೇನ ಕ್ಷಮೆ ಕೇಳಿತು.

ಎರಡನೆಯ ಮಹಾಯುದ್ಧವು ಬಂದೊಡನೆ ಗಾಳಿ ತಿರುಗಿತು. ತರುಣರು ದಂಡಿಗೂ ಯಂತ್ರಶಾಲೆಗಳಿಗೂ ಹೋದರು, ಹೊಲದಲ್ಲಿ ಕೈಗಳಿಲ್ಲವಾದುವು. ಹತ್ತು ವರ್ಷಗಳ ಹಿಂದೆ ಯಾರನ್ನು ಅಟ್ಟಿದ್ದರೋ ಅವರನ್ನೇ ಕರೆತರುವುದಕ್ಕಾಗಿ ೧೯೪೨ರ ಆಗಸ್ಟಿನಲ್ಲಿ ಉಭಯ ಸರ್ಕಾರಗಳೂ ಒಡಂಬಡಿಕೆ ಮಾಡಿಕೊಂಡುವು. ಪ್ರಯಾಣದ ವೆಚ್ಚ, ವಸತಿ, ಗಂಟೆಗೆ ೩೦ ಸೆಂಟಿಗೆ ಕಡಮೆಯಲ್ಲದ ಕೂಲಿ, ಸ್ಥಳದ ಕೂಲಿಕಾರರಿಗೆ ಸಂಚಕಾರ ಬರಬಾರದೆಂಬ ನಿಬಂಧನೆ, ಎಲ್ಲವೂ ಕಾಗದದ ಮೇಲಿದ್ದುವು. ಹೀಗೆ ಬಂದವರಿಗೆ ‘ಬ್ರಸೇರೋ’ ಎಂದು ಹೆಸರು. ಸ್ಪ್ಯಾನಿಷ್ ಭಾಷೆಯಲ್ಲಿ ‘ಬ್ರಾಸೋ’ ಎಂದರೆ ತೋಳು. ೧೯೬೪ರ ಕೊನೆಗೆ ಈ ಏರ್ಪಾಡು ನಿಲ್ಲುವ ಹೊತ್ತಿಗೆ ಬರೆಸಿಕೊಂಡ ಕರಾರುಗಳು ಸುಮಾರು ೪೫ ಲಕ್ಷ. ಮೊದಲ ವರ್ಷಗಳಲ್ಲಿ ಕೂಲಿಯಿಂದ ನೂರಕ್ಕೆ ಹತ್ತರಂತೆ ಉಳಿತಾಯವೆಂದು ಮುರಿದುಕೊಂಡ ಹಣವು ಅನೇಕರ ಕೈಗೆ ಎಂದೂ ಸೇರಲಿಲ್ಲ. ನಮ್ಮ ಶಾಸ್ತ್ರಕಾರರು ಅರ್ಧಕುಕ್ಕುಟೀ ನ್ಯಾಯವೆಂಬುದೊಂದನ್ನು ಹೇಳುತ್ತಾರೆ. ಕೋಳಿಯ ಅರ್ಧಭಾಗವನ್ನು ಅಡಿಗೆಗೆ ಬಳಸಿ, ಮಿಕ್ಕ ಅರ್ಧವು ಮೊಟ್ಟೆಯಿಡುತ್ತಿರಲೆಂದು ಬಯಸುವವನ ಬುದ್ಧಿ ಅದು. ತೋಳು ಬೇಕು, ತೋಳಿನ ಒಡೆಯನೂ ಅವನ ಹೆಂಡಿರು ಮಕ್ಕಳೂ ಬೇಡವೆಂಬ ಈ ಏರ್ಪಾಡಿಗೆ ಅದಕ್ಕಿಂತ ತಕ್ಕ ದೃಷ್ಟಾಂತ ದೊರೆಯದು.

ಕರಾರಿನ ಕೂಲಿಕಾರರ ಪಕ್ಕದಲ್ಲಿಯೇ ಕರಾರಿಲ್ಲದವರೂ ಬರುತ್ತಿದ್ದರು. ಟೆಕ್ಸಾಸಿನಲ್ಲಿ ಮೆಕ್ಸಿಕೋದವರನ್ನು ಕೀಳಾಗಿ ಕಾಣುತ್ತಿದ್ದುದರಿಂದ ಮೆಕ್ಸಿಕೋ ಸರ್ಕಾರವು ಮೊದಮೊದಲು ಅಲ್ಲಿಗೆ ಜನರನ್ನು ಕಳುಹಿಸಲು ಒಪ್ಪಲಿಲ್ಲ. ಅಲ್ಲಿಯ ಜಮೀನುದಾರರು ರಿಯೋ ಗ್ರಾಂಡೆ ನದಿಯನ್ನು ಈಜಿ ಬಂದವರಿಂದ ಹತ್ತಿಯನ್ನು ಬಿಡಿಸಿಕೊಂಡರು. ‘ಒದ್ದೆಬೆನ್ನಿನವರು’ ಎಂಬುದು ಅವರಿಗೆ ಕೊಟ್ಟ ಹೀನಾಯದ ಹೆಸರು. ೧೯೪೮ರ ಅಕ್ಟೋಬರಿನಲ್ಲಿ ಕೂಲಿಯ ದರದ ಬಗ್ಗೆ ತಕರಾರು ಹುಟ್ಟಿದಾಗ, ಎಲ್ ಪಾಸೋ ಪಟ್ಟಣದಲ್ಲಿ ಗಡಿಯ ಅಧಿಕಾರಿಗಳೇ ಕೆಲವು ಸಾವಿರ ಮಂದಿಯನ್ನು ಒಳಕ್ಕೆ ಬಿಟ್ಟು, ಹೆಸರಿಗೆ ಸೆರೆಹಿಡಿದು, ಹೊಲಗಳ ಧಣಿಗಳಿಗೆ ಒಪ್ಪಿಸಿದರು. ಅಕ್ರಮವಾಗಿ ಬಂದವನನ್ನು ಗಡಿಗೆ ಕರೆದೊಯ್ದು, ಆಚೆಯ ನೆಲವನ್ನು ಮೆಟ್ಟಿಸಿ, ಕರಾರು ಬರೆಸಿ ಮರಳಿ ಒಳಕ್ಕೆ ಕರೆದುಕೊಳ್ಳುವ ಪದ್ಧತಿಯೂ ಇತ್ತು. ಇದನ್ನು ‘ಒಣಗಿಸುವುದು’ ಎನ್ನುತ್ತಿದ್ದರು. ಬೆಳಗ್ಗೆ ಅಪರಾಧಿಯಾಗಿದ್ದವನು ಸಂಜೆಗೆ ಸಕ್ರಮನಾದನು, ಬದಲಾದುದು ಕಾಗದವೊಂದೇ.

೧೯೫೨ರಲ್ಲಿ ಮಾಡಿದ ಕಾಯಿದೆಯನ್ನು ನೋಡಿದರೆ ಸಂಗತಿ ಇನ್ನೂ ಸ್ಪಷ್ಟವಾಗುವುದು. ಅಕ್ರಮವಾಗಿ ಬಂದವನಿಗೆ ಆಶ್ರಯ ಕೊಡುವುದು ಅಪರಾಧವೆಂದು ಅದು ವಿಧಿಸಿತು. ಆದರೆ ಅಂಥವನಿಗೆ ಕೆಲಸ ಕೊಡುವುದನ್ನು ಆಶ್ರಯವೆಂದು ಎಣಿಸತಕ್ಕದ್ದಲ್ಲ ಎಂದು ಜೊತೆಯಲ್ಲಿಯೇ ಒಂದು ವಿನಾಯಿತಿಯನ್ನು ಸೇರಿಸಿತು. ಇದಕ್ಕೆ ‘ಟೆಕ್ಸಾಸ್ ವಿನಾಯಿತಿ’ ಎಂದು ಹೆಸರಾಯಿತು. ಎರಡು ವರ್ಷಗಳ ಮೇಲೆ, ೧೯೫೪ರಲ್ಲಿ, ಸೇನಾನಿ ಜೋಸೆಫ್ ಸ್ವಿಂಗ್ ಅವರ ಮೇಲ್ವಿಚಾರಣೆಯಲ್ಲಿ ಗಡಿಕಾವಲಿನವರು ಹೊಲಗಳನ್ನೂ ಕೇರಿಗಳನ್ನೂ ಶೋಧಿಸಿ ಜನರನ್ನು ಹಿಡಿದು ಸಾಗಿಸಿದರು. ಹತ್ತು ಲಕ್ಷಕ್ಕೂ ಮೀರಿ ಹೊರಹೋದರೆಂದು ಸರ್ಕಾರ ಹೇಳಿಕೊಂಡಿತು. ಚರಿತ್ರಕಾರರು ಈ ಲೆಕ್ಕವನ್ನು ಒಪ್ಪುವುದಿಲ್ಲ. ಅದೇ ಕಾಲದಲ್ಲಿ ಕರಾರಿನ ಬಾಗಿಲು ಅಗಲವಾಯಿತು: ೧೯೫೬ರೊಂದರಲ್ಲಿಯೇ ನಾಲ್ಕು ಲಕ್ಷಕ್ಕೂ ಹೆಚ್ಚು ಕರಾರುಗಳಾದುವು. ಮುಂಬಾಗಿಲಲ್ಲಿ ಗದರಿಕೆ, ಹಿತ್ತಿಲ ಬಾಗಿಲಲ್ಲಿ ಕರೆ.

ಇನ್ನು ಕೂಲಿಯ ಪ್ರಶ್ನೆ. ಸ್ಥಳದ ಕೂಲಿಕಾರರ ದೂರನ್ನು ಬರಿಯ ಜನಾಂಗದ್ವೇಷವೆಂದು ತಳ್ಳಿಹಾಕಲಾಗದು. ಮೆಕ್ಸಿಕೋ ಮೂಲದವರೇ ಆದ ಕೃಷಿಕಾರ್ಮಿಕರ ನಾಯಕ ಸೆಸಾರ್ ಚಾವೆಜ್ ಅವರು ಕರಾರಿನ ಏರ್ಪಾಡನ್ನು ವಿರೋಧಿಸಿದರು; ಮುಷ್ಕರ ಮುರಿಯಲು ಧಣಿಗಳು ಅಕ್ರಮ ಕೂಲಿಕಾರರನ್ನು ತರುವುದನ್ನೂ ಪ್ರತಿಭಟಿಸಿದರು. ಆದರೆ ಕರಾರು ನಿಂತಮೇಲೆ ಸ್ಥಳದವರ ಕೂಲಿ ಏರಿತೇ? ೨೦೧೮ರಲ್ಲಿ ಪ್ರಕಟವಾದ ಕ್ಲೆಮೆನ್ಸ್, ಲೂಯಿಸ್, ಪೋಸ್ಟೆಲ್ ಎಂಬ ಮೂವರು ಅರ್ಥಶಾಸ್ತ್ರಜ್ಞರ ಸಂಶೋಧನೆಯಲ್ಲಿ ಅಂಥ ಏರಿಕೆ ಕಂಡುಬರಲಿಲ್ಲ. ಧಣಿಗಳು ಯಂತ್ರಗಳನ್ನು ತಂದರು. ಕ್ಯಾಲಿಫೋರ್ನಿಯಾದಲ್ಲಿ ಸಂಸ್ಕರಣೆಗೆ ಬೆಳೆಯುವ ಟೊಮೇಟೋ ಹಣ್ಣಿನ ಕೊಯ್ಲು ಕೆಲವೇ ವರ್ಷಗಳಲ್ಲಿ ಬಹುಮಟ್ಟಿಗೆ ಯಂತ್ರದ ಪಾಲಾಯಿತು.

೧೯೬೫ರ ಶಾಸನವು ನಮ್ಮ ದೇಶದ ವೈದ್ಯರಿಗೂ ಇಂಜಿನಿಯರುಗಳಿಗೂ ಅಮೆರಿಕಾದ ಬಾಗಿಲನ್ನು ತೆರೆಯಿತು. ಕನ್ನಡಿಗರ ಅನೇಕ ಕುಟುಂಬಗಳು ಅಲ್ಲಿ ನೆಲೆಸಿದುದು ಅದರ ಫಲವಾಗಿಯೇ. ಅದೇ ಶಾಸನವು ಮೆಕ್ಸಿಕೋ ಸೇರಿದ ಪಶ್ಚಿಮಗೋಲಾರ್ಧಕ್ಕೆ ಮೊದಲ ಬಾರಿ ಸಂಖ್ಯೆಯ ಮಿತಿಯನ್ನು ಹಾಕಿತು: ಎಲ್ಲ ದೇಶಗಳಿಗೂ ಕೂಡಿ ವರ್ಷಕ್ಕೆ ೧,೨೦,೦೦೦. ೧೯೭೬ರಲ್ಲಿ ಒಂದೊಂದು ದೇಶಕ್ಕೂ ೨೦,೦೦೦ ಎಂದು ನಿಗದಿಯಾಯಿತು. ಹೊಲವೂ ದಾರಿಯೂ ಇದ್ದಂತೆಯೇ ಇದ್ದುವು. ದಾರಿಯ ಹೆಸರು ಅಕ್ರಮವೆಂದಾಯಿತು. ೧೯೮೬ರಲ್ಲಿ ಅಧ್ಯಕ್ಷ ರೇಗನ್ ಅವರು ಸಹಿ ಹಾಕಿದ ಶಾಸನವು ಸುಮಾರು ೨೭ ಲಕ್ಷ ಮಂದಿಯನ್ನು ಸಕ್ರಮಗೊಳಿಸಿ, ಧಣಿಗೂ ದಂಡವನ್ನು ವಿಧಿಸಿತು. ಆದರೆ ‘ತಿಳಿದೂ ತಿಳಿದೂ’ ಕೆಲಸ ಕೊಟ್ಟವನಿಗೆ ಮಾತ್ರ ದಂಡ. ಸುಳ್ಳು ಕಾಗದವನ್ನು ಕಂಡು ನಿಜವೆಂದು ನಂಬಿದೆನೆಂದರೆ ತೀರಿತು. ೨೦೦೭ರ ವೇಳೆಗೆ ಕಾಗದವಿಲ್ಲದವರ ಸಂಖ್ಯೆ ಸುಮಾರು ಒಂದು ಕೋಟಿ ಇಪ್ಪತ್ತು ಲಕ್ಷವೆಂದು ಅಂದಾಜಾಯಿತು.

ಉಪಾಧ್ಯಾಯವೃತ್ತಿಯಲ್ಲಿ ಆಯುಷ್ಯ ಕಳೆದವರಿಗೆ ಮನಮುಟ್ಟುವ ಸಂಗತಿಯೊಂದನ್ನು ಇಲ್ಲಿ ಹೇಳದೆ ಇರಲಾರೆ. ಕಾಗದವಿಲ್ಲದ ಮಕ್ಕಳ ವಿದ್ಯಾಭ್ಯಾಸಕ್ಕೆ ಸರ್ಕಾರದ ಹಣವಿಲ್ಲವೆಂದು ಟೆಕ್ಸಾಸ್ ಸಂಸ್ಥಾನವು ೧೯೭೫ರಲ್ಲಿ ಶಾಸನ ಮಾಡಿತ್ತು. ಟೈಲರ್ ಎಂಬ ಊರಿನಲ್ಲಿ ಅಂಥ ಮಗುವಿಗೆ ವರ್ಷಕ್ಕೆ ೧೦೦೦ ಡಾಲರು ಶುಲ್ಕ ಕೇಳಿದರು. ೧೯೮೨ರಲ್ಲಿ ಅಮೆರಿಕಾದ ಸುಪ್ರೀಂ ಕೋರ್ಟು, ಐವರು ಒಂದು ಕಡೆ ನಾಲ್ವರು ಒಂದು ಕಡೆಯಾಗಿ, ಆ ಶಾಸನವನ್ನು ರದ್ದುಮಾಡಿತು. ತಾಯಿತಂದೆಗಳು ಗಡಿ ದಾಟಿದುದಕ್ಕೆ ಮಕ್ಕಳು ಹೊಣೆಯಲ್ಲವೆಂದೂ, ಅಕ್ಷರವಿಲ್ಲದ ವರ್ಗವೊಂದನ್ನು ನಿರ್ಮಿಸಿದರೆ ರಾಜ್ಯಕ್ಕೇ ನಷ್ಟವೆಂದೂ ಅಭಿಪ್ರಾಯ ಕೊಟ್ಟಿತು.

ತನ್ನ ನೆಲಕ್ಕೆ ಯಾರು ಬರಬೇಕೆಂಬುದನ್ನು ನಿರ್ಣಯಿಸುವ ಅಧಿಕಾರ ಯಾವ ರಾಜ್ಯಕ್ಕೂ ಉಂಟು. ಅದನ್ನು ಅಲ್ಲಗಳೆಯುವುದು ನಮ್ಮ ಅಭಿಪ್ರಾಯವಲ್ಲ. ಆದರೆ ಬಂದವನನ್ನು ಕಟ್ಟುವ ಕಾಯಿದೆ ಕರೆದವನನ್ನೂ ಕಟ್ಟಬೇಕು. ಹಾಗಾಗದಿದ್ದರೆ ನಷ್ಟವು ಬಂದವನೊಬ್ಬನದೇ ಅಲ್ಲ. ಕೂಲಿ ಕೊಡದಿದ್ದರೂ ದೂರು ಹೇಳಲು ಹೆದರುವವನು ಧಣಿಗೆ ಅಗ್ಗದ ಆಳು. ಅವನ ಹೆದರಿಕೆಯಿಂದ ಪಕ್ಕದ ಸಾಲಿನಲ್ಲಿ ಬಗ್ಗಿ ದುಡಿಯುವ ಸ್ಥಳೀಯನ ಕೂಲಿಯೂ ಇಳಿಯುವುದು. ಇಬ್ಬರೂ ಪರಸ್ಪರ ಶತ್ರುಗಳೆಂದು ಭಾವಿಸಿಕೊಂಡು ಕಾದಾಡುತ್ತಿರುವವರೆಗೂ ಲಾಭವು ಮೂರನೆಯವನದಾಗಿರುವುದೆಂಬುದೇ ಈ ಚರಿತ್ರೆಯಿಂದ ನಾವು ತಿಳಿಯತಕ್ಕ ಪಾಠ.