ಅಳಿಯದ ಅಂಕ, ಕಾಯುವ ಚಟುವಟಿಕೆ: ಅಮೆರಿಕದ ಪ್ರೀ-ಮೆಡ್ ವ್ಯಾಸಂಗದ ಒಂದು ಪರಿಶೀಲನೆ

ಅಮೆರಿಕದಲ್ಲಿ ವೈದ್ಯಕೀಯ ಶಾಲೆ ಸೇರಬೇಕಾದವರು ಸಾಮಾನ್ಯವಾಗಿ ಮೊದಲು ನಾಲ್ಕು ವರ್ಷದ ಪದವಿ ಮುಗಿಸಬೇಕು. ‘ಪ್ರೀ-ಮೆಡ್’ ಎಂಬುದು ಆ ಪದವಿಯ ವಿಷಯದ ಹೆಸರಲ್ಲ. ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರಗಳ ನಿಗದಿತ ಕೋರ್ಸುಗಳನ್ನು ಮಾಡಿಕೊಂಡರೆ ಇತಿಹಾಸ ಓದುವವಳೂ ಪ್ರೀ-ಮೆಡ್ ಆಗಬಹುದು. ಎರಡನೇ ಪಿಯುಸಿ ಮುಗಿಯುತ್ತಲೇ ನೀಟ್‌ನ 720 ಅಂಕಗಳ ಮೇಲೆ ಎಲ್ಲವೂ ತೀರ್ಮಾನವಾಗುವ ಪದ್ಧತಿಯನ್ನು ಕಂಡ ಕನ್ನಡ ಕುಟುಂಬಗಳು ಅಲ್ಲಿ ನೆಲೆಸಿದ ಮೇಲೂ ಮಕ್ಕಳಿಗೆ “ಮೊದಲು ಮಾರ್ಕ್ಸು, ಮಿಕ್ಕಿದ್ದು ಆಮೇಲೆ” ಎನ್ನುವುದು ಸಹಜ. ಈ ಬುದ್ಧಿಮಾತು ಸರಿಯೆಂದೇ ನನ್ನ ವಾದ. ಆದರೆ ಅದು ಸರಿಯಾಗುವುದು ಹೇಳುವವರ ಮನಸ್ಸಿನಲ್ಲಿರುವ ಕಾರಣಕ್ಕಲ್ಲ.

ಬಿಗಿಯಾದ ಅಂಕನೀತಿಯ ಕಾಲೇಜಿನಲ್ಲಿ ಓದು ಮತ್ತು ಚಟುವಟಿಕೆಗಳನ್ನು ಸರಿದೂಗಿಸುವುದನ್ನು ಸಾಮಾನ್ಯವಾಗಿ ವಾರದ ವೇಳಾಪಟ್ಟಿಯ ಸಮಸ್ಯೆಯೆಂದು ನೋಡಲಾಗುತ್ತದೆ. ಅರ್ಜಿಯ ಯಂತ್ರರಚನೆಯೊಳಗೆ ಇಳಿದರೆ ಚಿತ್ರ ಬದಲಾಗುತ್ತದೆ. ಬಹುಪಾಲು ಎಂ.ಡಿ. ಶಾಲೆಗಳಿಗೆ ಅರ್ಜಿ ಹೋಗುವುದು ಆಮ್‌ಕಾಸ್ ಎಂಬ ಕೇಂದ್ರೀಕೃತ ವ್ಯವಸ್ಥೆಯ ಮೂಲಕ. ಅದು ಎಲ್ಲ ಕಾಲೇಜುಗಳ ಗ್ರೇಡುಗಳನ್ನು ಒಂದೇ ಮಾಪನಕ್ಕೆ ಇಳಿಸುತ್ತದೆ: ಎ ಎಂದರೆ 4.0, ಎ ಮೈನಸ್ 3.7, ಬಿ ಪ್ಲಸ್ 3.3. ಜೀವ, ರಸಾಯನ, ಭೌತ ವಿಜ್ಞಾನ ಮತ್ತು ಗಣಿತಗಳಿಗೆ ಪ್ರತ್ಯೇಕ ಸರಾಸರಿ ತೆಗೆಯುತ್ತದೆ. ಒಂದು ಕೋರ್ಸನ್ನು ಮತ್ತೆ ಮಾಡಿ ಎ ಗಳಿಸಿದರೂ ಹಳೆಯ ಗ್ರೇಡು ಅಳಿಯುವುದಿಲ್ಲ. ಎರಡೂ ಲೆಕ್ಕಕ್ಕೆ ಬರುತ್ತವೆ. ಚಟುವಟಿಕೆಗಳ ವಿಭಾಗದ ಸ್ವಭಾವವೇ ಬೇರೆ. ಅಲ್ಲಿ ಹೆಚ್ಚೆಂದರೆ 15 ನಮೂದುಗಳು, ಅವುಗಳಲ್ಲಿ ಮೂರನ್ನು ‘ಅತಿ ಮಹತ್ವದ್ದು’ ಎಂದು ಗುರುತಿಸಬಹುದು. ಆಸ್ಪತ್ರೆಯ ಸ್ವಯಂಸೇವೆ, ವೈದ್ಯರ ಜೊತೆಗಿದ್ದು ನೋಡುವ ಶ್ಯಾಡೋಯಿಂಗ್, ಪ್ರಯೋಗಾಲಯದ ಕೆಲಸ ಇವನ್ನೆಲ್ಲ ಗಂಟೆಗಳ ಸಮೇತ ಬರೆಯಬೇಕು. ಯಾವ ವರ್ಷ ಮಾಡಬೇಕೆಂಬ ಕಟ್ಟಳೆ ಇಲ್ಲ.

ಹಾಗಾಗಿ ಇವೆರಡನ್ನು ಒಂದೇ ತಕ್ಕಡಿಯ ತಟ್ಟೆಗಳೆಂದು ಭಾವಿಸುವುದೇ ದಾರಿ ತಪ್ಪಿಸುತ್ತದೆ. ಒಂದು ಕಾಲಬದ್ಧ, ಶಾಶ್ವತ, ಇನ್ನೊಂದನ್ನು ಮುಂದೂಡಬಹುದು. ನಾಲ್ಕು ಕ್ರೆಡಿಟ್ಟಿನ ಸಾವಯವ ರಸಾಯನಶಾಸ್ತ್ರದಲ್ಲಿ ಎ ಬದಲು ಬಿ ಮೈನಸ್ (2.7) ಬಂದರೆ, 120 ಕ್ರೆಡಿಟ್ಟಿನ ಒಟ್ಟು ಸರಾಸರಿ ಇಳಿಯುವುದು 0.04ರಷ್ಟು ಮಾತ್ರ. ವಿಜ್ಞಾನದ ಕ್ರೆಡಿಟ್ಟುಗಳು 50 ಎಂದಿಟ್ಟುಕೊಂಡರೆ ಅಲ್ಲಿ ಇಳಿತ 0.10. 2023-24ರಲ್ಲಿ ಪ್ರವೇಶ ಪಡೆದವರ ಸರಾಸರಿ ಜಿಪಿಎ 3.77 ಇದ್ದ ಸ್ಪರ್ಧೆಯಲ್ಲಿ ಇದು ಸಣ್ಣದಲ್ಲ.

ಕಾಲೇಜೇ ಕೈಬಿಗಿ ಹಿಡಿದರೆ? ಪ್ರಿನ್ಸ್‌ಟನ್ 2004ರಲ್ಲಿ ಕೋರ್ಸುಗಳಲ್ಲಿ ಎ ಶ್ರೇಣಿಯ ಗ್ರೇಡುಗಳು ಶೇ. 35ನ್ನು ಮೀರಬಾರದೆಂಬ ನೀತಿ ತಂದು, 2014ರಲ್ಲಿ ಕೈಬಿಟ್ಟಿತು. ವೆಲ್ಸ್‌ಲಿ ಕಾಲೇಜಿನ ಪ್ರಕರಣ ಇನ್ನೂ ಕುತೂಹಲಕಾರಿ. ಅದೇ 2004ರಲ್ಲಿ ಅದು ಕೆಳಹಂತದ ಕೋರ್ಸುಗಳ ತರಗತಿ ಸರಾಸರಿ 3.33 ದಾಟಬಾರದೆಂದಿತು. ಅಲ್ಲಿನ ಅರ್ಥಶಾಸ್ತ್ರಜ್ಞರು 2014ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸುವಂತೆ, ಬಿಸಿ ತಟ್ಟಿದ್ದು ಹೆಚ್ಚಾಗಿ ಮಾನವಿಕ ಮತ್ತು ಸಮಾಜ ವಿಜ್ಞಾನಗಳಿಗೆ. ವಿಜ್ಞಾನ ವಿಭಾಗಗಳು ಮೊದಲೇ ಆ ಗೆರೆಯ ಆಸುಪಾಸಿನಲ್ಲಿದ್ದವು. ಅಂದರೆ ಪ್ರೀ-ಮೆಡ್ ವಿದ್ಯಾರ್ಥಿಗೆ ಬಿಗಿ ಎಂಬುದು ಹೊಸ ನೀತಿಯಿಂದ ಬಂದದ್ದಲ್ಲ, ಅವಳ ಪಾಲಿಗೆ ಅದು ಮೊದಲಿನಿಂದಲೂ ಇತ್ತು. ನೀತಿಯಿಂದಾದ ನಷ್ಟವೆಂದರೆ, ಸರಾಸರಿಯನ್ನು ಮೇಲೆತ್ತಿಕೊಳ್ಳಲು ಅವಳಿಗಿದ್ದ ಸಾಹಿತ್ಯ, ಸಮಾಜಶಾಸ್ತ್ರದಂಥ ಆಸರೆಗಳೂ ಸೊರಗಿದವು.

ಪ್ರವೇಶ ಸಮಿತಿಗಳು ಕಾಲೇಜಿನ ಬಿಗಿಯನ್ನು ಗಮನಿಸಿ ಅಂಕವನ್ನು ತೂಗುತ್ತವೆಂಬ ಸಮಾಧಾನ ಪ್ರಚಲಿತವಾಗಿದೆ. ಸ್ಯಾಮ್ ಸ್ವಿಫ್ಟ್, ಡಾನ್ ಮೂರ್ ಮತ್ತು ಸಂಗಡಿಗರು 2013ರಲ್ಲಿ ಪ್ಲಾಸ್ ಒನ್ ಪತ್ರಿಕೆಯಲ್ಲಿ ಪ್ರಕಟಿಸಿದ ಸಂಶೋಧನೆ ಈ ನಂಬಿಕೆಗೆ ವಿರುದ್ಧವಾಗಿದೆ: ಅನುಭವಿ ಪ್ರವೇಶಾಧಿಕಾರಿಗಳೂ ಧಾರಾಳವಾಗಿ ಗ್ರೇಡು ಕೊಡುವ ಸಂಸ್ಥೆಗಳಿಂದ ಬಂದವರತ್ತ ವಾಲಿದರು. ಅದರ ಕ್ಷೇತ್ರದತ್ತಾಂಶ ಎಂಬಿಎ ಪ್ರವೇಶದ್ದು, ವೈದ್ಯಕೀಯದ್ದಲ್ಲ. ವೈದ್ಯಕೀಯದಲ್ಲಿ 528ಕ್ಕೆ ನಡೆಯುವ ಎಂಕ್ಯಾಟ್ ಪರೀಕ್ಷೆ ಎಲ್ಲರಿಗೂ ಒಂದೇ ಅಳತೆಗೋಲಾಗಿರುವುದರಿಂದ ಈ ವಾಲಿಕೆ ಅಷ್ಟು ತೀವ್ರವಾಗಿರಲಾರದು. ಆದರೂ ಬಿಗಿಯ ಕಾಲೇಜಿನ ಹೆಸರೊಂದೇ ಕಾಪಾಡುತ್ತದೆಂದು ನಂಬಿ ಕೂರುವುದು ಜಾಣತನವಲ್ಲ.

ವಿದ್ಯಾರ್ಥಿಗಳು ಕಂಡುಕೊಂಡ ಪರಿಹಾರ ಗ್ಯಾಪ್ ಇಯರ್. ಇಂದು ವೈದ್ಯಕೀಯ ಶಾಲೆ ಸೇರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಪದವಿಯ ನಂತರ ಕನಿಷ್ಠ ಒಂದು ವರ್ಷ ಬಿಟ್ಟು ಬರುತ್ತಾರೆ. ವೈದ್ಯರ ಜೊತೆ ಕೂತು ರೋಗಿಯ ವಿವರ ದಾಖಲಿಸುವ ಸ್ಕ್ರೈಬ್ ಆಗಿಯೋ, ಆಂಬುಲೆನ್ಸ್ ತಂಡದಲ್ಲೋ, ಪ್ರಯೋಗಾಲಯದಲ್ಲೋ ದುಡಿಯುತ್ತಾರೆ. ಸೆಮಿಸ್ಟರಿನೊಳಗೆ ತುರುಕಲಾಗದ ಗಂಟೆಗಳು ಹೀಗೆ ಹೊರಗೆ ಹರಿಯುತ್ತವೆ. ಸಮತೋಲನ ಸಾಧ್ಯವಾಗುವುದು ವಾರದಲ್ಲಲ್ಲ, ವರ್ಷಗಳಲ್ಲಿ. ಆದರೆ ಈ ದಾರಿ ಎಲ್ಲರಿಗೂ ಸಮನಾಗಿ ತೆರೆದಿಲ್ಲ. ಮನೆಯವರ ಬೆಂಬಲವಿರುವವರಿಗೆ ಅದು ಅನುಭವ ಗಳಿಸುವ ಕಾಲ. ಸಾಲ ತೀರಿಸಬೇಕಾದವರಿಗೆ ವೈದ್ಯರ ಸಂಬಳ ಒಂದು ವರ್ಷ ದೂರ ಸರಿದಂತೆ. ಓದುತ್ತಲೇ ಹೊಟ್ಟೆಪಾಡಿಗೆ ದುಡಿಯುವವರ ಕೆಲಸವನ್ನೂ ಅರ್ಜಿಯಲ್ಲಿ ನಮೂದಿಸಬಹುದು, ನಮೂದಿಸಲೇಬೇಕು. ಹೋಟೆಲಿನಲ್ಲಿ ತಟ್ಟೆ ಎತ್ತಿದ್ದನ್ನು ಬರೆಯಲು ಸಂಕೋಚಪಡುವವರು ಅನಗತ್ಯವಾಗಿ ಸೋಲುತ್ತಾರೆ.

ಕ್ರಮವನ್ನೇ ಬದಲಿಸಿದ ಪ್ರಯೋಗವೂ ಇದೆ. ನ್ಯೂಯಾರ್ಕಿನ ಮೌಂಟ್ ಸೈನಾಯ್ ವೈದ್ಯಕೀಯ ಶಾಲೆ 1987ರಲ್ಲಿ ಮಾನವಿಕ ವಿಷಯಗಳ ವಿದ್ಯಾರ್ಥಿಗಳನ್ನು ಎರಡನೇ ವರ್ಷದಲ್ಲೇ, ಎಂಕ್ಯಾಟ್ ಇಲ್ಲದೆ ಆರಿಸಿಕೊಳ್ಳತೊಡಗಿತು. 2010ರಲ್ಲಿ ಮುಲ್ಲರ್ ಮತ್ತು ಕೇಸ್ ಪ್ರಕಟಿಸಿದ ಹೋಲಿಕೆಯ ಪ್ರಕಾರ ಇವರು ಮೊದಲ ಲೈಸೆನ್ಸ್ ಪರೀಕ್ಷೆಯಲ್ಲಿ ತುಸು ಹಿಂದೆ ಬಿದ್ದರೂ, ವಾರ್ಡಿನ ಕಲಿಕೆಯಲ್ಲಿ ಉಳಿದವರಿಗೆ ಸರಿಸಮವಾಗಿದ್ದರು. ಇಂಥ ಆಯ್ಕೆ ದೊರೆತವರಿಗೆ ಪದವಿಯ ಕೊನೆಯ ಎರಡು ವರ್ಷ ಬಿಡುವು ಸಿಗುತ್ತದೆ. ಆದರೆ ಎರಡನೇ ವರ್ಷದಲ್ಲಿ ಅರ್ಜಿ ಹಾಕುವವರ ಕೈಯಲ್ಲಿ ತೋರಿಸಲು ಇರುವುದು ಕಾಲೇಜಿನ ಮೊದಲ ಕೆಲವು ಸೆಮಿಸ್ಟರುಗಳ ಗ್ರೇಡುಗಳಷ್ಟೇ. ಹೊಸಬರು ಎಡವುವುದು ಹೆಚ್ಚಾಗಿ ಅಲ್ಲೇ.