ಕಡಲಿನಿಂದ ನದಿಗೆ: ಪ್ಲಾಸ್ಟಿಕ್ ಕಣಗಳ ಶೋಧನೆಯ ಕಥೆ

ನಮ್ಮ ಉಲ್ಹಾಸನಗರದ ನಡುವೆ ಹರಿಯುವ ವಾಲಧುನಿ, ಕಲ್ಯಾಣದ ಬಳಿ ಉಲ್ಹಾಸ ನದಿಯನ್ನು ಸೇರುತ್ತದೆ. ಆ ನೀರು ಖಾಡಿಯ ಮೂಲಕ ಅರಬ್ಬೀ ಸಮುದ್ರ ಮುಟ್ಟುತ್ತದೆ. ಅದರೊಡನೆ ತೇಲಿಹೋಗುವ ಚೀಲ, ಬಾಟಲಿಗಳ ಗತಿ ಏನು? ಇದನ್ನು ವಿಜ್ಞಾನಿಗಳು ಅರ್ಧ ಶತಮಾನದಿಂದ ಹುಡುಕುತ್ತಿದ್ದಾರೆ. ಸೋಜಿಗವೆಂದರೆ ಈ ಹುಡುಕಾಟ ಆರಂಭವಾದದ್ದು ನಡುಗಡಲಿನಲ್ಲಿ. ನದಿಗಳತ್ತ ತಿರುಗಿದ್ದು ಬಹಳ ತಡವಾಗಿ.

1972ರಲ್ಲಿ ಅಮೆರಿಕದ ವುಡ್ಸ್ ಹೋಲ್ ಸಂಸ್ಥೆಯ ಕಾರ್ಪೆಂಟರ್ ಮತ್ತು ಸ್ಮಿತ್ ಎಂಬವರು, ಅಟ್ಲಾಂಟಿಕ್‌ನ ಸಾರ್ಗಾಸೊ ಸಮುದ್ರದಲ್ಲಿ ಬಲೆಗೆ ಸಿಕ್ಕಿದ ಪ್ಲಾಸ್ಟಿಕ್ ಚೂರುಗಳ ವರದಿಯನ್ನು ಪ್ರಕಟಿಸಿದರು. ಚದರ ಕಿಲೋಮೀಟರಿಗೆ ಸರಾಸರಿ 3,500 ಚೂರುಗಳು! ಪ್ಲಾಸ್ಟಿಕ್ ತಯಾರಿಕೆ ಬೆಳೆದಂತೆ ಈ ಸಂಖ್ಯೆಯೂ ಬೆಳೆದೀತೆಂದು ಅವರು ಆಗಲೇ ಎಚ್ಚರಿಸಿದ್ದರು.

ಪ್ಲಾಸ್ಟಿಕ್ ಕೊಳೆತು ಮಣ್ಣಾಗುವುದಿಲ್ಲ. ಬಿಸಿಲಿಗೆ ಬಿರುಕುಬಿಟ್ಟು, ಅಲೆಯ ಹೊಡೆತಕ್ಕೆ ಪುಡಿಯಾಗುತ್ತ ಹೋಗುತ್ತದೆ. 2004ರಲ್ಲಿ ಇಂಗ್ಲೆಂಡಿನ ರಿಚರ್ಡ್ ಥಾಂಪ್ಸನ್ ಮತ್ತು ಸಂಗಡಿಗರು ಕಡಲತೀರದ ಮರಳಿನಲ್ಲಿ ಇಂಥ ಸೂಕ್ಷ್ಮ ಕಣಗಳನ್ನು ತೋರಿಸಿಕೊಟ್ಟರು. 1960ರ ದಶಕದಿಂದ ಕಾಪಿಟ್ಟಿದ್ದ ಸಮುದ್ರದ ಮಾದರಿಗಳನ್ನು ಪರೀಕ್ಷಿಸಿದಾಗ ಇವು ಹೆಚ್ಚುತ್ತ ಬಂದದ್ದೂ ಕಂಡಿತು. ‘ಮೈಕ್ರೋಪ್ಲಾಸ್ಟಿಕ್’ ಎಂಬ ಹೆಸರು ಅಲ್ಲಿಂದ ಬಳಕೆಗೆ ಬಂತು. ಇಂದು 5 ಮಿಲಿಮೀಟರಿಗಿಂತ ಸಣ್ಣ ಚೂರುಗಳನ್ನು ಹೀಗೆ ಕರೆಯುತ್ತಾರೆ.

ನಮ್ಮ ದೇಶದಲ್ಲಿ 2006ರಲ್ಲಿ ಗುಜರಾತಿನ ಅಲಂಗ್ ಹಡಗು ಒಡೆಯುವ ತೀರದ ಅಧ್ಯಯನ ಪ್ರಕಟವಾಯಿತು. ಅಲ್ಲಿನ ಒಂದು ಕಿಲೋ ಕೆಸರಿನಲ್ಲಿ ಸರಾಸರಿ 81 ಮಿಲಿಗ್ರಾಂ ಪ್ಲಾಸ್ಟಿಕ್ ಚೂರುಗಳಿದ್ದವು. ಬಳಿಕ ಮುಂಬಯಿಯ ಸರದಿ. 2011–12ರಲ್ಲಿ ಅಕ್ಸಾ, ವರ್ಸೋವಾ, ಜುಹು, ದಾದರ್ ತೀರಗಳಲ್ಲಿ ಎಣಿಸಿದಾಗ, ಚದರ ಮೀಟರಿಗೆ ಸರಾಸರಿ 68 ಪ್ಲಾಸ್ಟಿಕ್ ವಸ್ತುಗಳು ಲೆಕ್ಕಕ್ಕೆ ಸಿಕ್ಕವು.

ಇನ್ನು ನಮ್ಮೂರ ಕಡೆಯ ಮಾತು. 2020ರಲ್ಲಿ ಮಣಿಪಾಲದ ಅಮೃತಾ ಮತ್ತು ವಾರಿಯರ್, ನೇತ್ರಾವತಿಯನ್ನು ಮೂಲದ ಕಡೆಯಿಂದ ಕಡಲಿನವರೆಗೆ ಪರೀಕ್ಷಿಸಿದ ವರದಿ ಹೊರತಂದರು. ಘನಮೀಟರ್ ನೀರಿಗೆ ಸರಾಸರಿ 288 ಚೂರುಗಳು! ಘಟ್ಟದಿಂದ ಇಳಿದುಬರುವ, ನಾವು ಕೈಮುಗಿಯುವ ನದಿಯ ಸ್ಥಿತಿಯಿದು.

ನೇತ್ರಾವತಿಯೂ ಉಲ್ಹಾಸವೂ ಸಹ್ಯಾದ್ರಿಯ ಮಕ್ಕಳೇ. ಸೇರುವ ಕಡಲೂ ಒಂದೇ. ಸಂಶೋಧಕರು ಕಡಲಿನಿಂದ ದಡಕ್ಕೆ, ದಡದಿಂದ ನದಿಗೆ ಬಂದುದರಲ್ಲಿ ನಮಗೊಂದು ಪಾಠವಿದೆ. ಪುಡಿಯಾಗಿ ಕಡಲು ಸೇರಿದ್ದನ್ನು ಬಾಚಿ ತೆಗೆಯುವುದು ಹೆಚ್ಚುಕಡಿಮೆ ಅಸಾಧ್ಯ. ಚೀಲವು ಚೀಲವಾಗಿಯೇ ಇರುವಾಗ, ಅಂದರೆ ನಮ್ಮ ಚಾಳಿನ ಗಟಾರದ ಬಳಿ ಇರುವಾಗ, ಮಗುವಿನ ಕೈಯೂ ಅದನ್ನು ಎತ್ತಬಲ್ಲದು. 2018ರಿಂದ ಮಹಾರಾಷ್ಟ್ರದಲ್ಲಿ ಪ್ಲಾಸ್ಟಿಕ್ ಚೀಲಗಳಿಗೆ ನಿಷೇಧವೇನೋ ಇದೆ. ಪೇಟೆಗೆ ಹೊರಡುವಾಗ ಬಟ್ಟೆಯ ಚೀಲ ಹಿಡಿಯಬೇಕಾದವರು ಮಾತ್ರ ನಾವೇ.