ಕಡಲಿಲ್ಲದ ನಾಡಿನ ಡಾಲರ್ ಬರ: ಮಲಾವಿಯ ಅಭಿವೃದ್ಧಿಯ ಕಗ್ಗಂಟು

ಆಫ್ರಿಕದ ದೇಶವೊಂದು ಬಡವಾಗಿರುವುದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣಗಳು ಮಲಾವಿಗೆ ಅನ್ವಯಿಸುವುದಿಲ್ಲ. 1964ರ ಜುಲೈ 6ರಂದು ಸ್ವತಂತ್ರವಾದ ಮೇಲೆ ಅಲ್ಲಿ ಅಂತರ್ಯುದ್ಧ ನಡೆದಿಲ್ಲ. ಸೈನ್ಯ ಒಮ್ಮೆಯೂ ಅಧಿಕಾರ ಕಿತ್ತುಕೊಂಡಿಲ್ಲ. ಆಜೀವ ಅಧ್ಯಕ್ಷರೆಂದು ಘೋಷಿಸಿಕೊಂಡಿದ್ದ ಹೇಸ್ಟಿಂಗ್ಸ್ ಕಮುಜು ಬಾಂಡಾ 1993ರ ಜನಮತಗಣನೆಗೆ ತಲೆಬಾಗಿ, ಮರುವರ್ಷದ ಚುನಾವಣೆಯಲ್ಲಿ ಸೋತು ಕೆಳಗಿಳಿದರು. 2019ರ ಅಧ್ಯಕ್ಷೀಯ ಚುನಾವಣೆಯ ಫಲಿತಾಂಶ ಪಟ್ಟಿಗಳಲ್ಲಿ ಬಿಳಿ ಬಣ್ಣ ಬಳಿದು ಅಂಕಿಗಳನ್ನು ತಿದ್ದಿದ್ದು ಸಾಬೀತಾದಾಗ ಅಲ್ಲಿನ ನ್ಯಾಯಾಲಯ ಇಡೀ ಚುನಾವಣೆಯನ್ನೇ ರದ್ದು ಮಾಡಿತು. 2020ರ ಮರುಚುನಾವಣೆಯಲ್ಲಿ ಪೀಟರ್ ಮುತಾರಿಕಾ ಸೋತರು, ಲಾಜರಸ್ ಚಕ್ವೆರಾ ಗೆದ್ದರು. 2025ರಲ್ಲಿ ಚಕ್ವೆರಾ ಸೋತರು, ಮುತಾರಿಕಾ ಮರಳಿದರು. ಇಷ್ಟು ಶಾಂತವಾಗಿ ಅಧಿಕಾರ ಕೈಬದಲಾಗುವ ದೇಶಗಳು ಆ ಖಂಡದಲ್ಲಿ ಹೆಚ್ಚಿಲ್ಲ. ಆದರೂ ಅಲ್ಲಿನ ತಲಾ ಆದಾಯ ವರ್ಷಕ್ಕೆ ಸುಮಾರು 600 ಡಾಲರ್. 2025ರವರೆಗೆ ಬಳಕೆಯಲ್ಲಿದ್ದ ದಿನಕ್ಕೆ 2.15 ಡಾಲರ್ ಎಂಬ ಬಡತನದ ಗೆರೆಯಿಂದ ನೋಡಿದರೆ ಹತ್ತರಲ್ಲಿ ಏಳು ಮಂದಿ ಅದರ ಕೆಳಗಿದ್ದರು.

ಇದಕ್ಕೆ ಸಿದ್ಧವಾಗಿರುವ ಉತ್ತರ ಭೂಗೋಳದ್ದು: ದೇಶಕ್ಕೆ ಕಡಲಿಲ್ಲ. ಆಫ್ರಿಕದ ಒಳನಾಡು ಹಿಂದುಳಿದಿರುವುದಕ್ಕೆ ಜಲಮಾರ್ಗದ ಕೊರತೆಯೇ ಕಾರಣವೆಂದು ಆ್ಯಡಂ ಸ್ಮಿತ್ 1776ರಷ್ಟು ಹಿಂದೆಯೇ ಬರೆದಿದ್ದ. ಸ್ವಿಟ್ಜರ್ಲೆಂಡಿಗೂ ಕಡಲಿಲ್ಲವಲ್ಲ ಎನ್ನುವವರಿಗೆ ಅರ್ಥಶಾಸ್ತ್ರಜ್ಞ ಪಾಲ್ ಕೋಲಿಯರ್ 2007ರಲ್ಲಿ ಉತ್ತರ ಕೊಟ್ಟಿದ್ದಾರೆ: ಸ್ವಿಟ್ಜರ್ಲೆಂಡಿಗೆ ಸುತ್ತಲಿನ ದೇಶಗಳೇ ಮಾರುಕಟ್ಟೆ, ಆಫ್ರಿಕದ ಭೂಆವೃತ ದೇಶಕ್ಕೆ ನೆರೆಯ ದೇಶ ದಾಟಿ ಹೋಗಬೇಕಾದ ದಾರಿ ಮಾತ್ರ. ಇದು ನಿಜವೇ. ಆದರೆ ಮಲಾವಿಯ ಮಟ್ಟಿಗೆ ಈ ವಿವರಣೆ ಅರ್ಧದಲ್ಲೇ ನಿಲ್ಲುತ್ತದೆ ಎಂಬುದು ಈ ಲೇಖನದ ವಾದ. ಅಲ್ಲಿನ ಮೂಲ ಕೊರತೆ ವಿದೇಶಿ ವಿನಿಮಯದ್ದು. ಕಡಲಿನ ದೂರ ಆ ಕೊರತೆಯನ್ನು ಎರಡು ಬದಿಯಿಂದಲೂ ಹಿಗ್ಗಿಸುತ್ತದೆ: ಹೊರಗೆ ಹೋಗುವ ಸರಕಿನ ಬೆಲೆಯಲ್ಲಿ ಸಾಗಣೆ ವೆಚ್ಚ ಕಳೆಯುತ್ತದೆ, ಒಳಗೆ ಬರುವ ಸರಕಿನ ಬೆಲೆಗೆ ಅದೇ ವೆಚ್ಚ ಕೂಡುತ್ತದೆ. ಆ ದೂರವೂ ಪೂರ್ತಿ ಪ್ರಕೃತಿ ಕೊಟ್ಟದ್ದಲ್ಲ.

ಗಡಿ ಮತ್ತು ಹಳಿ

ದೇಶದ ದಕ್ಷಿಣ ತುದಿಯ ನ್ಸಾಂಜೆಯಿಂದ ಶೀರೆ ಮತ್ತು ಜಾಂಬೆಜಿ ನದಿಗಳ ಮೇಲೆ ಹಿಂದೂ ಮಹಾಸಾಗರಕ್ಕೆ ಸುಮಾರು 240 ಕಿ.ಮೀ. ಮಾತ್ರ. 1858-59ರಲ್ಲಿ ಡೇವಿಡ್ ಲಿವಿಂಗ್‌ಸ್ಟನ್ ಬಂದದ್ದೂ ಇದೇ ನೀರಿನ ದಾರಿಯಲ್ಲಿ. ಅವನ ಹಡಗನ್ನು ತಡೆದದ್ದು ಶೀರೆ ನದಿಯ ಬಂಡೆಗಲ್ಲಿನ ಜಲಪಾತ ಸಾಲು. ಇಂದು ದೇಶದ ವಿದ್ಯುತ್ತಿನ ಬಹುಪಾಲು ಹುಟ್ಟುವುದು ಆ ಜಲಪಾತಗಳಲ್ಲೇ. ಇಷ್ಟು ಹತ್ತಿರದ ಕಡಲನ್ನು ಕೈತಪ್ಪಿಸಿದ್ದು ಗಡಿ. ತನ್ನ ವಸಾಹತುಗಳಾದ ಅಂಗೋಲಾ ಮತ್ತು ಮೊಜಾಂಬಿಕ್‌ಗಳನ್ನು ಜೋಡಿಸುವ ಕನಸು ಕಂಡಿದ್ದ ಪೋರ್ಚುಗಲ್‌ಗೆ ಬ್ರಿಟನ್ 1890ರ ಜನವರಿಯಲ್ಲಿ ಅಂತಿಮ ಎಚ್ಚರಿಕೆ ಕೊಟ್ಟಿತು; 1891ರ ಒಪ್ಪಂದದಲ್ಲಿ ಎತ್ತರದ ನಾಡು ಬ್ರಿಟನ್ನಿಗೆ, ಕರಾವಳಿ ಪೋರ್ಚುಗಲ್ಲಿಗೆ ಎಂದಾಯಿತು. ಜಾಂಬೆಜಿಯ ಬಾಯಲ್ಲಿ ಚಿಂಡೆ ಎಂಬಲ್ಲಿ ಒಂದಿಷ್ಟು ಜಾಗವನ್ನು ಬ್ರಿಟನ್ ಗುತ್ತಿಗೆಗೆ ಪಡೆಯಿತು. 1922ರ ಚಂಡಮಾರುತ ಆ ರೇವನ್ನು ಹಾಳುಗೆಡವಿತು, ಗುತ್ತಿಗೆಯೂ ಮುಗಿಯಿತು. ಮಲಾವಿಯ ಭೂಆವೃತ ಸ್ಥಿತಿಯ ಹಿಂದಿರುವುದು ಎರಡು ಸಾಮ್ರಾಜ್ಯಗಳ ಈ ಚೌಕಾಸಿ.

ರೈಲಿನ ಕಥೆ ಇದಕ್ಕಿಂತ ಕಹಿ. ಇತಿಹಾಸಕಾರ ಲೆರಾಯ್ ವೇಲ್ 1975ರಲ್ಲಿ ನ್ಯಾಸಾಲ್ಯಾಂಡ್ (ಮಲಾವಿಯ ವಸಾಹತು ಕಾಲದ ಹೆಸರು) ರೈಲ್ವೆಯ ಬಗ್ಗೆ ಪ್ರಕಟಿಸಿದ ಲೇಖನ ಈ ವಿಷಯದಲ್ಲಿ ಇಂದಿಗೂ ದಾರಿದೀಪ. ಹಳಿ ಮೊಜಾಂಬಿಕ್‌ನ ಬೈರಾ ಬಂದರಿಗೇ ಹೋಗಬೇಕೆಂದು ತೀರ್ಮಾನಿಸಿದ್ದು ಆ ಬಂದರಿನಲ್ಲಿ ಹಣ ಹೂಡಿದ್ದವರ ಮತ್ತು ಲಂಡನ್ನಿನ ಹಿತ. 1922ರಲ್ಲಿ ಓಡಾಟ ಆರಂಭಿಸಿದ ಟ್ರಾನ್ಸ್-ಜಾಂಬೆಜಿಯಾ ರೈಲಿನ ಬಡ್ಡಿಗೆ ಖಾತರಿ ನಿಂತದ್ದು ಮಾತ್ರ ನ್ಯಾಸಾಲ್ಯಾಂಡಿನ ಬಡ ಬೊಕ್ಕಸ. ವಿಚಿತ್ರವೆಂದರೆ ಆ ಹಳಿ ಇದ್ದದ್ದು ಪೂರ್ತಿ ಪೋರ್ಚುಗೀಸ್ ನೆಲದಲ್ಲಿ. 1935ರಲ್ಲಿ ಜಾಂಬೆಜಿಗೆ ಸೇತುವೆ ಬರುವ ಹೊತ್ತಿಗೆ ವಸಾಹತಿನ ಶಾಲೆ, ರಸ್ತೆ, ಆಸ್ಪತ್ರೆಗಳಿಗೆ ಹೋಗಬೇಕಿದ್ದ ಹಣ ಬಡ್ಡಿಗೆ ಕರಗಿತ್ತು. ಹಳಿ ಬಂದರೆ ಅಭಿವೃದ್ಧಿ ತಾನಾಗಿ ಬರುತ್ತದೆ ಎನ್ನುವ ಇಂದಿನ ಕಾರಿಡಾರ್ ಯೋಜನೆಗಳ ಉತ್ಸಾಹಿಗಳು ವೇಲ್ ಅವರನ್ನು ಓದಿದ ಲಕ್ಷಣ ಕಾಣುವುದಿಲ್ಲ.

ಸ್ವಾತಂತ್ರ್ಯದ ನಂತರ, 1970ರಲ್ಲಿ, ಮೊಜಾಂಬಿಕ್‌ನದೇ ನಕಾಲಾ ಬಂದರಿಗೆ ಎರಡನೇ ಹಳಿ ಕೂಡಿಕೊಂಡಿತು. ಅದಕ್ಕೆ ಹಣ ಕೊಟ್ಟದ್ದು ವರ್ಣಭೇದದ ದಕ್ಷಿಣ ಆಫ್ರಿಕ. ಬಾಂಡಾ ಆ ಸರ್ಕಾರದೊಂದಿಗೆ ರಾಜತಾಂತ್ರಿಕ ಸಂಬಂಧ ಇಟ್ಟುಕೊಂಡಿದ್ದರು, ಲಿಲೊಂಗ್ವೆಯಲ್ಲಿ ಹೊಸ ರಾಜಧಾನಿ ಕಟ್ಟಲೂ ಅಲ್ಲಿಂದಲೇ ಸಾಲ ತಂದಿದ್ದರು. ಮೊಜಾಂಬಿಕ್‌ನ ಅಂತರ್ಯುದ್ಧದಲ್ಲಿ ರೆನಾಮೊ ಬಂಡುಕೋರರಿಗೆ ಬಾಂಡಾ ಸರ್ಕಾರ ಆಶ್ರಯ ಕೊಡುತ್ತಿದೆ ಎಂಬ ಆರೋಪ ನೆರೆದೇಶಗಳದ್ದು. ಅದೇ ರೆನಾಮೊ 1980ರ ದಶಕದ ಮಧ್ಯಕ್ಕೆ ಬೈರಾ ಮತ್ತು ನಕಾಲಾದ ಎರಡೂ ಹಳಿಗಳನ್ನು ಕಡಿದುಹಾಕಿತು. ಬ್ಲಾಂಟೈರ್ ನಗರದಿಂದ ಸುಮಾರು 800 ಕಿ.ಮೀ. ದೂರದ ಈ ರೇವುಗಳು ಕೈತಪ್ಪಿ, ಸರಕು ಲಾರಿಗಳಲ್ಲಿ 2,000 ಕಿ.ಮೀ. ಮೀರಿದ, ದಕ್ಷಿಣ ಆಫ್ರಿಕದ ಡರ್ಬನ್ ಬಂದರಿನ ದಾರಿ ಹಿಡಿಯಿತು. 1987ರಲ್ಲಿ ನಕಾಲಾ ಹಳಿ ಕಾಯಲು ಮಲಾವಿ ತನ್ನ ಸೈನಿಕರನ್ನೇ ಕಳಿಸಬೇಕಾಯಿತು. ಯುದ್ಧ ಮುಗಿಯುವ 1992ರ ಹೊತ್ತಿಗೆ ಹತ್ತು ಲಕ್ಷ ಮೀರಿದ ಮೊಜಾಂಬಿಕ್ ನಿರಾಶ್ರಿತರು ಮಲಾವಿಯಲ್ಲಿದ್ದರು. ಅವರಿಗೆ ನೆಲ, ನೀರು, ಸೌದೆ ಕೊಟ್ಟದ್ದು ಮೊದಲೇ ಇಕ್ಕಟ್ಟಾಗಿದ್ದ ಹಳ್ಳಿಗಳು.

ಸಮುದ್ರ ಕಾನೂನು ಕುರಿತ 1982ರ ವಿಶ್ವಸಂಸ್ಥೆಯ ಒಡಂಬಡಿಕೆಯ 125ನೇ ವಿಧಿ ಭೂಆವೃತ ದೇಶಗಳಿಗೆ ಕಡಲಿನ ಹಾದಿಯ ಹಕ್ಕು ಕೊಡುತ್ತದೆ. ಷರತ್ತುಗಳನ್ನು ಮಾತ್ರ ದಾರಿ ಕೊಡುವ ದೇಶದೊಂದಿಗೆ ಮಾತಾಡಿಕೊಳ್ಳಬೇಕು. ಆ ಮಾತಾಡಿಕೊಳ್ಳುವುದೆಂದರೇನು ಎಂಬುದು 2010ರ ಅಕ್ಟೋಬರಿನಲ್ಲಿ ನ್ಸಾಂಜೆಯಲ್ಲಿ ಕಂಡಿತು. ಆಗಿನ ಅಧ್ಯಕ್ಷ ಬಿಂಗು ವಾ ಮುತಾರಿಕಾ ಅಲ್ಲಿನ ನದಿ ಬಂದರನ್ನು ಉದ್ಘಾಟಿಸಿದರು, ನೆರೆಯ ಅಧ್ಯಕ್ಷರೂ ಬಂದಿದ್ದರು. ಬರಬೇಕಿದ್ದ ಸರಕಿನ ದೋಣಿ ಬರಲಿಲ್ಲ. ಪರಿಸರ ಪರಿಣಾಮದ ಅಧ್ಯಯನ ಮುಗಿಯದೆ ಬಿಡುವುದಿಲ್ಲವೆಂದು ಮೊಜಾಂಬಿಕ್ ತನ್ನ ನೀರಿನಲ್ಲೇ ಅದನ್ನು ತಡೆದಿತ್ತು. ಬೈರಾ, ನಕಾಲಾಗಳ ವರಮಾನವನ್ನು ಬಿಟ್ಟುಕೊಡಲು ಅದಕ್ಕೆ ಯಾವ ಕಾರಣವೂ ಇರಲಿಲ್ಲ ಎಂಬುದೇ ನನ್ನ ಓದು. ಇನ್ನೊಂದೆಡೆ, ಬ್ರೆಜಿಲ್ಲಿನ ವಾಲೆ ಕಂಪನಿ ಮೊಜಾಂಬಿಕ್‌ನ ಮೋಟಿಜೆ ಗಣಿಯಿಂದ ನಕಾಲಾಕ್ಕೆ 912 ಕಿ.ಮೀ. ಹಳಿಮಾರ್ಗ ಅಣಿಗೊಳಿಸಿದಾಗ ಅದು ಮಲಾವಿಯ ದಕ್ಷಿಣ ಭಾಗವನ್ನು ಸೀಳಿಕೊಂಡು ಹೋಯಿತು. 2022ರಿಂದ ಆ ಗಣಿ ಮತ್ತು ಹಳಿ ಭಾರತ ಮೂಲದ ಜಿಂದಾಲ್ ಸಮೂಹದ ವಲ್ಕನ್ ಕಂಪನಿಯ ಕೈಯಲ್ಲಿವೆ. ಹಳಿ ಇದ್ದರೂ ಅದರ ಮೊದಲ ಬಾಧ್ಯತೆ ಕಲ್ಲಿದ್ದಲಿಗೆ.

ತಂಬಾಕು ತಂದ ಡಾಲರ್, ಗೊಬ್ಬರಕ್ಕೆ ಹೋದ ಡಾಲರ್

ಮಲಾವಿಯ ರಫ್ತು ಗಳಿಕೆಯಲ್ಲಿ ಸರಿಸುಮಾರು ಅರ್ಧ ತಂಬಾಕಿನದು. ಅದರಲ್ಲೂ ಬರ್ಲೆ ಜಾತಿಯದೇ ಹೆಚ್ಚು. ಏಪ್ರಿಲ್ ಹೊತ್ತಿಗೆ ಹರಾಜು ತೆರೆದರೆ ಬ್ಯಾಂಕುಗಳಿಗೆ ಡಾಲರ್ ಬರುತ್ತದೆ, ವರ್ಷದ ಕೊನೆಗೆ ಬತ್ತುತ್ತದೆ. ಬರ್ಲೆ ಬೆಳೆಯುವ ಹಕ್ಕು 1990ರವರೆಗೆ ಸಣ್ಣ ರೈತರಿಗೆ ಇರಲೇ ಇಲ್ಲ. ಬಾಂಡಾ ಕಾಲದಲ್ಲಿ ಸಾಮುದಾಯಿಕ ಭೂಮಿಯನ್ನು ಎಸ್ಟೇಟುಗಳಿಗೆ ವರ್ಗಾಯಿಸಿ, ಲಾಭದ ಬೆಳೆಯನ್ನು ಅವುಗಳಿಗಷ್ಟೇ ಮೀಸಲಿಡಲಾಗಿತ್ತು. ಇಂದು ಸರಾಸರಿ ರೈತ ಕುಟುಂಬದ ಹಿಡುವಳಿ ಒಂದು ಹೆಕ್ಟೇರಿಗೂ ಕಡಿಮೆ. ಜಗತ್ತು ಸಿಗರೇಟು ಬಿಡುತ್ತಿರುವಾಗ ಒಂದು ದೇಶದ ಔಷಧಿ, ಪೆಟ್ರೋಲು, ಗೊಬ್ಬರಗಳ ಲೆಕ್ಕ ತಂಬಾಕಿನ ಎಲೆಯ ಮೇಲೆ ನಿಂತಿದೆ. 2019ರಲ್ಲಿ ಬಲವಂತದ ದುಡಿಮೆಯ ಆರೋಪದ ಮೇಲೆ ಅಮೆರಿಕ ಮಲಾವಿಯ ತಂಬಾಕನ್ನು ತನ್ನ ಬಂದರುಗಳಲ್ಲಿ ತಡೆಹಿಡಿದಾಗ ಆ ನೆಲೆ ಎಷ್ಟು ದುರ್ಬಲವೆಂಬುದು ಬಯಲಾಯಿತು.

ಹೀಗೆ ಬಂದ ಡಾಲರಿನ ದೊಡ್ಡ ಪಾಲು ಗೊಬ್ಬರಕ್ಕೆ ಹೋಗುತ್ತದೆ. ನ್ಸಿಮಾ, ಅಂದರೆ ಮೆಕ್ಕೆಜೋಳದ ಹಿಟ್ಟು ತೊಳಸಿ ಮಾಡುವ ಗಟ್ಟಿ ಮುದ್ದೆ, ಇಲ್ಲದೆ ಅಲ್ಲಿ ಊಟವಿಲ್ಲ. ವರ್ಷಕ್ಕೆ ಒಂದೇ ಮಳೆಗಾಲ, ಸವೆದ ಮಣ್ಣು, ತುಂಡು ಹೊಲ. ಗೊಬ್ಬರ ಹಾಕದೆ ಮೆಕ್ಕೆಜೋಳ ಏಳುವುದಿಲ್ಲ. 2001-02ರ ಕ್ಷಾಮ ಮತ್ತು 2005ರ ಕೆಟ್ಟ ಬೆಳೆಯ ನಂತರ, ದಾನಿ ದೇಶಗಳ ಅಸಮಾಧಾನವನ್ನು ಲೆಕ್ಕಿಸದೆ ಬಿಂಗು ಸರ್ಕಾರ ರಿಯಾಯಿತಿ ಗೊಬ್ಬರದ ಕೂಪನ್ ಹಂಚಿತು. 2005ರಲ್ಲಿ ಸುಮಾರು 12 ಲಕ್ಷ ಟನ್ ಇದ್ದ ಮೆಕ್ಕೆಜೋಳ ಎರಡೇ ವರ್ಷಗಳಲ್ಲಿ, ಸರ್ಕಾರದ ಲೆಕ್ಕದಂತೆ, 30 ಲಕ್ಷ ಟನ್ ದಾಟಿತು. ಹೊಗಳಿಕೆ ಹರಿದುಬಂತು, ಜಿಂಬಾಬ್ವೆಗೆ ಮೆಕ್ಕೆಜೋಳ ಮಾರಾಟವೂ ಆಯಿತು. ಆದರೆ 2008ಕ್ಕೆ ದೇಶದೊಳಗೇ ಮೆಕ್ಕೆಜೋಳದ ಬೆಲೆ ಗಗನಕ್ಕೇರಿದಾಗ ಆ ಅಂಕಿಗಳು ಉಬ್ಬಿದ್ದವೇ ಎಂಬ ಅನುಮಾನ ಸಹಜವಾಗಿ ಹುಟ್ಟಿತು.

ಈ ಕಾರ್ಯಕ್ರಮವನ್ನು ಸಾರಾಸಗಟಾಗಿ ಹಳಿಯುವುದು ನ್ಯಾಯವಲ್ಲ. ಹಸಿವಿನ ಎದುರು ಒಂದು ಸರ್ಕಾರ ತನ್ನ ವಿವೇಚನೆಯಿಂದ ತೆಗೆದುಕೊಂಡ ತೀರ್ಮಾನವದು. ತಪ್ಪು ಇದ್ದದ್ದು ಅದರ ದೀರ್ಘಾಯುಷ್ಯದಲ್ಲಿ. ಕೃಷಿ ಬಜೆಟ್ಟಿನ ಅರ್ಧಕ್ಕೂ ಹೆಚ್ಚು ಗೊಬ್ಬರದ ಚೀಲಕ್ಕೇ ಹೋದರೆ ನೀರಾವರಿಗೆ, ಸಂಶೋಧನೆಗೆ, ಗ್ರಾಮ ರಸ್ತೆಗೆ ಏನು ಉಳಿಯುತ್ತದೆ? ಆಫ್ರಿಕದ ಮೂರನೇ ಅತಿದೊಡ್ಡ ಸರೋವರ ಮಗ್ಗುಲಲ್ಲೇ ಇದ್ದರೂ ಬೇಸಾಯದ ಬಹುಪಾಲು ಮಳೆಯಾಶ್ರಿತ. ರಿಯಾಯಿತಿ ಗೊಬ್ಬರ ಈಗ ಮತದ ಸರಕು. 2020ರಲ್ಲಿ ಚಕ್ವೆರಾ ಸರ್ಕಾರ ಅದನ್ನು ಕುಗ್ಗಿಸುವ ಬದಲು 35 ಲಕ್ಷಕ್ಕೂ ಹೆಚ್ಚು ಕುಟುಂಬಗಳಿಗೆ ಹಿಗ್ಗಿಸಿತು. ಮರುವರ್ಷಗಳಲ್ಲಿ ಗೊಬ್ಬರದ ಜಾಗತಿಕ ಬೆಲೆ ಏರಿತು, ಡಾಲರ್ ಸಿಗಲಿಲ್ಲ. ಆ ಪರದಾಟದಲ್ಲಿ ಬ್ರಿಟನ್ನಿನ ಮಾಂಸ ವ್ಯಾಪಾರದ ಕಂಪನಿಯೊಂದಕ್ಕೆ ಗೊಬ್ಬರ ತರಿಸಲು ಮುಂಗಡ ಕೊಟ್ಟ ಹಗರಣ ಬಯಲಾಗಿ 2022ರಲ್ಲಿ ಕೃಷಿ ಸಚಿವರು ಹುದ್ದೆ ಕಳೆದುಕೊಂಡರು.

ಡಾಲರಿನ ಈ ಬರದಲ್ಲಿ ಮಲಾವಿಯ ಕ್ವಾಚಾ ನಾಣ್ಯವನ್ನು 2022ರ ಮೇ ತಿಂಗಳಲ್ಲಿ ಶೇ. 25ರಷ್ಟು ಅಪಮೌಲ್ಯಗೊಳಿಸಲಾಯಿತು. 2023ರ ನವೆಂಬರಿನಲ್ಲಿ ಡಾಲರಿನ ಬೆಲೆ ಒಂದೇ ದಿನಕ್ಕೆ ಸುಮಾರು 1,180 ಕ್ವಾಚಾದಿಂದ 1,700ಕ್ಕೆ ಜಿಗಿಯಿತು. ಬೆನ್ನಿಗೇ ಅಂತಾರಾಷ್ಟ್ರೀಯ ಹಣಕಾಸು ನಿಧಿ 17.5 ಕೋಟಿ ಡಾಲರಿನ ಸಾಲ ಒಪ್ಪಿತು. ಅಧ್ಯಕ್ಷರು ತಮ್ಮ ವಿದೇಶ ಪ್ರವಾಸಗಳನ್ನೇ ನಿಲ್ಲಿಸಿದರು. ಆದರೂ ಕಾಳಸಂತೆಯ ದರ ಅಧಿಕೃತ ದರವನ್ನು ಮತ್ತೆ ಹಿಂದೆ ಹಾಕಿತು, ಪೆಟ್ರೋಲ್ ಬಂಕುಗಳ ಮುಂದಿನ ಸಾಲು ಕರಗಲಿಲ್ಲ, 2025ರ ಮೇ ತಿಂಗಳಲ್ಲಿ ನಿಧಿಯ ಕಾರ್ಯಕ್ರಮ ಅರ್ಧಕ್ಕೇ ನಿಂತಿತು. ರಫ್ತು ಮಾಡಲು ಹೆಚ್ಚು ಸರಕೇ ಇಲ್ಲದ ದೇಶದಲ್ಲಿ ಅಪಮೌಲ್ಯ ರಫ್ತನ್ನು ಹೆಚ್ಚಿಸುವುದಕ್ಕಿಂತ ಬೇಗ ಬಡವರ ತಟ್ಟೆಯನ್ನು ತಟ್ಟುತ್ತದೆ. ಸಿದ್ಧಾಂತದ ಪುಸ್ತಕಗಳು ಈ ಕ್ರಮವನ್ನು ತಿರುಗುಮುರುಗಾಗಿ ಹೇಳುತ್ತವೆ.

ಹೊಸ ಸರಕು ಹುಟ್ಟಲು ಕಾರ್ಖಾನೆ ಬೇಕು, ಕಾರ್ಖಾನೆಗೆ ವಿದ್ಯುತ್ ಬೇಕು. ದೇಶದ ವಿದ್ಯುತ್ತಿನ ಬಹುಪಾಲು ಶೀರೆ ಎಂಬ ಒಂದೇ ನದಿಯ ಮೇಲೆ ನಿಂತಿದೆ. 2022ರ ಜನವರಿಯಲ್ಲಿ ‘ಆನಾ’ ಚಂಡಮಾರುತ ಕಪಿಚಿರಾ ಅಣೆಕಟ್ಟನ್ನು ಮುರಿದಾಗ 129.6 ಮೆಗಾವಾಟ್, ಅಂದರೆ ಉತ್ಪಾದನಾ ಸಾಮರ್ಥ್ಯದ ಮೂರನೇ ಒಂದರಷ್ಟು, ವರ್ಷಕ್ಕೂ ಹೆಚ್ಚು ಕಾಲ ಕತ್ತಲಾಯಿತು. 2023ರ ಮಾರ್ಚಿನ ‘ಫ್ರೆಡ್ಡಿ’ 679 ಜನರನ್ನು ಕೊಂದಿತು. ಕಾಣೆಯಾದವರು ಐನೂರಕ್ಕೂ ಹೆಚ್ಚು. 2013ರಲ್ಲಿ ಬಯಲಾದ ‘ಕ್ಯಾಶ್‌ಗೇಟ್’ ಖಜಾನೆ ಲೂಟಿಯ ಬಳಿಕ ದಾನಿ ದೇಶಗಳು ಬಜೆಟ್ಟಿಗೆ ನೇರವಾಗಿ ಹಣ ಕೊಡುವುದನ್ನು ನಿಲ್ಲಿಸಿದ್ದರಿಂದ ಇಂಥ ಹೊಡೆತಗಳನ್ನು ತಡೆಯುವ ಶಕ್ತಿ ಸರ್ಕಾರಕ್ಕೆ ಮೊದಲೇ ಕುಂದಿತ್ತು. ಆ ಲೂಟಿಗೆ ಮಾತ್ರ ಕಡಲನ್ನಾಗಲಿ ನೆರೆಯವರನ್ನಾಗಲಿ ದೂರುವಂತಿಲ್ಲ.

ತೊಗರಿಯ ದಾರಿ

ತಂಬಾಕಿನಾಚೆಯ ಬೆಳೆಗಳಲ್ಲಿ ಕನ್ನಡ ಓದುಗರಿಗೆ ಹತ್ತಿರವಾದದ್ದು ತೊಗರಿ. ಮಲಾವಿಯವರು ಅದನ್ನು ನಂದೋಲೊ ಎನ್ನುತ್ತಾರೆ. ದಕ್ಷಿಣ ಮಲಾವಿಯಲ್ಲಿ ಮೆಕ್ಕೆಜೋಳದ ನಡುವೆ, ನಮ್ಮ ಅಕ್ಕಡಿ ಸಾಲಿನಂತೆಯೇ, ತೊಗರಿ ಹಾಕುತ್ತಾರೆ. ಅದು ಮಣ್ಣಿಗೆ ಸಾರಜನಕ ಕೊಡುತ್ತದೆ, ಗೊಬ್ಬರದ ಖರ್ಚು ತಗ್ಗಿಸುತ್ತದೆ, ಡಾಲರನ್ನೂ ತರುತ್ತದೆ. ಮಲಾವಿಯ ಈ ಮೂರು ಕೊರತೆಗಳನ್ನು ಒಟ್ಟಿಗೆ ಮುಟ್ಟುವ ಬೆಳೆಗಳು ಹೆಚ್ಚಿಲ್ಲ. ಕೊಯ್ಲು ಜುಲೈನಿಂದ ಸೆಪ್ಟೆಂಬರ್ ಸುಮಾರಿಗೆ, ಅಂದರೆ ಕಲಬುರಗಿಯ ಹೊಸ ತೊಗರಿ ಎಪಿಎಂಸಿಗೆ ಬರುವ ಮೊದಲು. ಕೊಳ್ಳುವ ದೊಡ್ಡ ಗಿರಾಕಿ ಮಾತ್ರ ಒಬ್ಬನೇ: ಭಾರತ.

2015ರಲ್ಲಿ ನಮ್ಮಲ್ಲಿ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿದಾಗ ಪೂರ್ವ ಆಫ್ರಿಕದ ರೈತರು ಹೊಲ ಹಿಗ್ಗಿಸಿದರು. 2016-17ರಲ್ಲಿ ಇಲ್ಲಿಯೂ ದಾಖಲೆ ಬೆಳೆ ಬಂದು ಕಲಬುರಗಿಯ ರೈತರಿಗೆ ಬೆಂಬಲ ಬೆಲೆಯೂ ದಕ್ಕದಾಯಿತು. 2017ರ ಆಗಸ್ಟಿನಲ್ಲಿ ದೆಹಲಿ ಆಮದಿಗೆ ವರ್ಷಕ್ಕೆ 2 ಲಕ್ಷ ಟನ್ ಮಿತಿ ಹಾಕಿತು. ನಮ್ಮ ರೈತರ ದೃಷ್ಟಿಯಿಂದ ಅದು ಬೇಕಾಗಿದ್ದ ಕ್ರಮ. ಆದರೆ ಆಗ ಮಲಾವಿಯ ತೊಗರಿ ಚೀಲದಲ್ಲಿತ್ತು. ಮೊಜಾಂಬಿಕ್‌ಗೆ ಭಾರತದೊಂದಿಗೆ 2016ರ ಖರೀದಿ ಒಪ್ಪಂದದ ರಕ್ಷಣೆ ಇತ್ತು; ಮಲಾವಿಗೆ ಇರಲಿಲ್ಲ. ಗಡಿಯ ಎರಡೂ ಬದಿ ಅದೇ ಬೆಳೆ, ಅದೇ ಮಳೆ. ಒಂದು ಬದಿಗೆ ರೇವೂ ಇತ್ತು, ಕೋಟಾವೂ ಇತ್ತು. ಭೂಆವೃತ ಸ್ಥಿತಿಯ ಪೂರ್ಣ ಅರ್ಥ ಇದು: ಕೇವಲ ದೂರವಲ್ಲ, ನಿರ್ಧಾರಗಳು ನಡೆಯುವ ಮೇಜಿನ ಬಳಿ ಕುರ್ಚಿ ಇಲ್ಲದಿರುವುದು.

2021ರಲ್ಲಿ ಮಲಾವಿಗೂ ಒಪ್ಪಂದ ದೊರಕಿತು: ಐದು ವರ್ಷ, ವರ್ಷಕ್ಕೆ 50,000 ಟನ್. ಆ ಅವಧಿ 2025-26ಕ್ಕೆ ಕೊನೆ. ಸಾಲ, ಅನುದಾನ, ತರಬೇತಿಗಳ ಮಾತು ಭಾರತ-ಆಫ್ರಿಕ ಸಭೆಗಳಲ್ಲಿ ಧಾರಾಳವಾಗಿ ಕೇಳಿಬರುತ್ತದೆ. ಮಲಾವಿಯ ರೈತನಿಗೆ ಅದಕ್ಕಿಂತ ಹೆಚ್ಚು ಉಪಯೋಗವಾಗುವುದು ಖಚಿತ ಖರೀದಿ. ಕಲಬುರಗಿಯ ರೈತನಿಗೂ ಆಮದಿನ ಪ್ರಮಾಣ ಮೊದಲೇ ಗೊತ್ತಿರುವುದು ಒಳ್ಳೆಯದೇ. ಮಲಾವಿಯಲ್ಲಿ ಬಿತ್ತನೆ ನವೆಂಬರ್-ಡಿಸೆಂಬರಿನಲ್ಲಿ. ಮುಂದಿನ ಒಪ್ಪಂದದಲ್ಲಿ ಪ್ರತಿ ವರ್ಷದ ಕೋಟಾವನ್ನು ಅಕ್ಟೋಬರಿನೊಳಗೆ ಪ್ರಕಟಿಸುವ, ಬಿತ್ತಿದ ಮೇಲೆ ಅದನ್ನು ಬದಲಿಸದ ಷರತ್ತು ಇರಬೇಕು.